ಮಾಳಿಗೆಯ ಮೇಲಿನ ಹಾಲುಹಲ್ಲು

ಹಾಲುಹಲ್ಲು ದಿನಚರಿ ಬರೆಯುತ್ತದೆ. ಇದು ಕವಿತೆಯ ಸಾಲಲ್ಲ, ನಾನು ಕವಿತೆ ಬರೆಯುವವಳೂ ಅಲ್ಲ. ಮಗುವಿನ ಹಲ್ಲು ಬಿದ್ದುಹೋಗುವ ದಿನದವರೆಗೂ ತನ್ನ ಒಳಗೋಡೆಗೆ ದಿನಕ್ಕೊಂದು ಪದರ ಮೆತ್ತಿಕೊಳ್ಳುತ್ತಾ ಹೋಗುತ್ತದೆ. ಒಂದು ತಲೆಗೂದಲಿನ ದಪ್ಪದೊಳಗೆ ಅಂಥ ನೂರು ಪದರ ಹಿಡಿಸುತ್ತವೆ. ಆ ದಿನ ಮಗುವಿನ ರಕ್ತದಲ್ಲಿ ಏನು ಓಡಾಡುತ್ತಿತ್ತೋ ಅದರ ಚೂರು ಆ ದಿನದ ಪದರದಲ್ಲಿ ಸಿಕ್ಕಿಬೀಳುತ್ತದೆ. ಜ್ವರ ಬಂದ ದಿನ ಪದರ ತೆಳುವಾಗುತ್ತದೆ. ವಾಂತಿಭೇದಿಯಾಗಿ ಮಗು ಸೊರಗಿದ ವಾರ ಗೆರೆ ಕಪ್ಪಗಾಗುತ್ತದೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಅದೂ ಅಲ್ಲಿ ಸೇರುತ್ತದೆ. ಇದನ್ನು ಒಂದೊಂದೇ ದಿನವಾಗಿ ಬಿಡಿಸಿ ಓದುವ ಯಂತ್ರವೊಂದು ಇದ್ದರೆ ಹೇಗೆ ಎಂದು ನಾವು ಬಹಳ ವರ್ಷ ಬರೀ ಮಾತಾಡಿದ್ದೆವು. ಆಮೇಲೆ ಆ ಯಂತ್ರ ಬಂತು. ಹೊಲಿಗೆ ಯಂತ್ರದಷ್ಟು ದೊಡ್ಡದು. ನಮ್ಮವರು ಅದಕ್ಕೆ ‘ಹಲ್ಲೋದು’ ಎಂದು ಹೆಸರಿಟ್ಟರು. ಅದು ಬಂದ ವರ್ಷವೇ ಕಸ್ತೂರೆವ್ವ ನನಗೆ ಫೋನ್ ಮಾಡತೊಡಗಿದ್ದು.

ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ. ನಾನು ವಾರಿಜಾ, ನೀರ್ಗಾವಲು ಕೇಂದ್ರದ ಮುಖ್ಯಸ್ಥೆ. ನಮ್ಮ ಕೋಣೆಯ ಒಂದು ಗೋಡೆಯ ತುಂಬ ನೂರ ನಲವತ್ತು ದೀಪಗಳು, ಊರಿಗೊಂದರಂತೆ. ಪ್ರತಿ ಊರಿನಲ್ಲೂ ಬೋರ್‌ವೆಲ್ ನೀರನ್ನು ಶುದ್ಧ ಮಾಡುವ ಘಟಕವಿದೆ. ಘಟಕದಿಂದ ಹೊರಬರುವ ನೀರನ್ನು ಹತ್ತು ನಿಮಿಷಕ್ಕೊಮ್ಮೆ ಅಲ್ಲಿನ ಉಪಕರಣವೇ ಪರೀಕ್ಷಿಸಿ ನಮಗೆ ಸುದ್ದಿ ಕಳಿಸುತ್ತದೆ. ನೀರು ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು. ಎಂಟು ವರ್ಷದ ಹಿಂದೆ ಈ ನೀರಿನ ಸೂತ್ರ ಬರೆದವಳು ನಾನೇ. ನೆಲದ ನೀರಿನಿಂದ ಫ್ಲೋರೈಡ್ ಪೂರ್ತಿ ತೆಗೆಯುವುದು, ರೋಗಾಣು ಕೊಲ್ಲುವುದು, ಕೊನೆಗೆ ಮಕ್ಕಳ ಎಲುಬಿಗೆ ಒಳ್ಳೆಯದೆಂದು ಒಂದಿಷ್ಟು ಕ್ಯಾಲ್ಸಿಯಂ ಬೆರೆಸುವುದು. ಆ ಕೊನೆಯ ಹಂತ ನನ್ನ ಸ್ವಂತ ಐಡಿಯಾ. ಸಭೆ ಸಮಾರಂಭಗಳಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಚಪ್ಪಾಳೆ ಸುಮ್ಮನೆ ಬಂದಿರಲಿಲ್ಲ. ಬೇಸಿಗೆಯಲ್ಲಿ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದ ಮಕ್ಕಳ ಸಂಖ್ಯೆ ನೂರಕ್ಕೆ ತೊಂಬತ್ತು ಇಳಿದಿತ್ತು. ಐದು ವರ್ಷದ ಮಕ್ಕಳು ಮೊದಲಿನವರಿಗಿಂತ ಎರಡು ಬೆರಳು ಎತ್ತರವಾಗಿದ್ದರು. ಹೊಟ್ಟೆನೋವೆಂದು ಶಾಲೆ ತಪ್ಪಿಸುವವರಿಲ್ಲದೆ ಮೇಷ್ಟ್ರುಗಳಿಗೆ ತರಗತಿ ತುಂಬಿಹೋಗಿತ್ತು. ಹೀಗಾಗಿ ಗೋಡೆಯ ಹಸಿರು ದೀಪಗಳನ್ನು ನೋಡಿದರೆ ನನಗೆ ಹೊಟ್ಟೆ ತುಂಬಿದಷ್ಟು ಸಮಾಧಾನವಾಗುತ್ತಿತ್ತು. ಆ ಸಮಾಧಾನಕ್ಕೆ ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಕಲ್ಲು ಬೀಳತೊಡಗಿತು.

“ಮೇಡಮ್ಮಾರ, ನಾನ್ರಿ, ಕೆಂಪುಮಡ್ಡಿ ಕಸ್ತೂರಿ. ನಮ್ಮೂರ ದೀಪ ಇವತ್ತ ಯಾ ಬಣ್ಣ ಐತ್ರಿ?”

“ಹಸರ ಐತವಾ.”

“ಹಂಗಾರ ನಮ್ಮ ಕೂಸಿನ ಮೊಣಕಾಲು ಯಾಕ್ರಿ ಒಂದಕ್ಕೊಂದು ತಿಕ್ಕಾಡಾಕ ಹತ್ಯಾವು?”

ಕೂಸಿನ ಹೆಸರು ಚೈತ್ರಾ. ಆರು ತುಂಬಲು ಎರಡು ತಿಂಗಳಿತ್ತು, ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಅವಳು ಹುಟ್ಟುವ ಹೊತ್ತಿಗೆ ಊರಿಗೆ ಶುದ್ಧ ನೀರು ಬಂದು ಎರಡು ವರ್ಷವಾಗಿತ್ತು. ಅಂದರೆ ಅವಳು ನಮ್ಮ ನೀರಿನಲ್ಲೇ ಬೆಳೆದ ಮಗು. ಆದರೂ ಅವಳ ಮೊಣಕಾಲು ಒಳಕ್ಕೆ ಬಾಗತೊಡಗಿತ್ತು. ಎಲುಬಿನ ಡಾಕ್ಟರು ನೋಡಿ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಇದು ಫ್ಲೋರೈಡಿನ ಕೆಲಸ. ಈಗಲೇ ಅದು ಒಳಗೆ ಹೋಗುವುದು ನಿಂತರೆ ಬೆಳೆಯುವ ಎಲುಬು ತಾನೇ ನೆಟ್ಟಗಾದೀತು. ಇನ್ನಾರು ತಿಂಗಳು ಹೀಗೇ ನಡೆದರೆ ಎರಡೂ ಕಾಲಿನ ಎಲುಬು ಕೊಯ್ದು ನೆಟ್ಟಗೆ ಕೂರಿಸಬೇಕಾಗುತ್ತದೆ, ಆಮೇಲೂ ಓಡುತ್ತಾಳೆಂದು ಹೇಳಲಾಗದು.

ಮೂತ್ರ ಪರೀಕ್ಷೆ ಮಾಡಿಸಿದೆವು. ಫ್ಲೋರೈಡ್ ಇತ್ತು, ಧಾರಾಳವಾಗಿ ಇತ್ತು. ಊರಿನ ಬೇರೆ ಮಕ್ಕಳಲ್ಲೂ ಸ್ವಲ್ಪ ಸ್ವಲ್ಪ ಇತ್ತು. ಆದರೆ ಮೂತ್ರ ಹೇಳುವುದು ನಿನ್ನೆಯ ಮಾತನ್ನು ಮಾತ್ರ. ಎಲ್ಲಿಂದ ಬಂತು, ಯಾವತ್ತಿನಿಂದ ಬಂತು ಎಂದು ಅದು ಬಾಯಿ ಬಿಡುವುದಿಲ್ಲ. ಘಟಕದ ನೀರನ್ನು ನಾನೇ ಮೂರು ಸಲ ಪರೀಕ್ಷಿಸಿದೆ. ಅದು ಅಪ್ಪಟವಾಗಿತ್ತು. ಮನೆಯ ಹಿಂದೆ ಹಳೆಯ ಬೋರ್ ಇದೆ ಎಂದು ಗೊತ್ತಾದ ಮೇಲೆ ನನ್ನ ತಲೆ ಸಲೀಸಾಗಿ ಒಂದು ತೀರ್ಮಾನಕ್ಕೆ ಬಂತು.

“ಆ ಬೋರಿನ ನೀರು ಏನ ಮಾಡ್ತೀರಿ?”

“ದನಕ್ಕ ರೀ. ಅರಿವಿ ಒಗಿಯಾಕ, ಭಾಂಡೆ ತಿಕ್ಕಾಕ.”

“ಕೂಸು ಆಡಕೋತ ಹೋಗಿ ಕುಡಿತಿರಬೇಕು. ತಾಯಿ ಆದವರು ಸ್ವಲ್ಪ ನಿಗಾ ಇಡಬೇಕವಾ.”

 “ಆತ್ರಿ” ಎಂದು ಅವಳು ಫೋನ್ ಇಟ್ಟಳು. ಈಗ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಮುಂದಿನ ಸೋಮವಾರ ಹನ್ನೊಂದಕ್ಕೆ ಮತ್ತೆ ಫೋನ್ ಬಂತು, ಮತ್ತೆ ಅದೇ ಪ್ರಶ್ನೆ: ದೀಪ ಯಾ ಬಣ್ಣ ಐತ್ರಿ. ಬೋರಿಗೆ ತಾನು ಮುಳ್ಳುಬೇಲಿ ಹಾಕಿ ಬೀಗ ಜಡಿದದ್ದಾಗಿಯೂ ಹೇಳಿದಳು. ಬೀಗದ ಕೈ ಅವಳ ತಾಳಿಸರದಲ್ಲಿ ನೇತಾಡುತ್ತಿತ್ತಂತೆ. ತಿಂಗಳ ನಂತರ ಮಾಡಿದ ಪರೀಕ್ಷೆಯಲ್ಲಿ ಮಗುವಿನ ಫ್ಲೋರೈಡ್ ಇದ್ದಷ್ಟೇ ಇತ್ತು.

ಹಲ್ಲೋದು ನಡೆಸುತ್ತಿದ್ದವನು ದಾವಲಸಾಬ. ಮಾತು ಕಡಿಮೆ, ಕಣ್ಣು ಚುರುಕು. ಅವನೇ ಕೇಳಿದ: “ಮೇಡಮ್, ಆ ಕೂಸಿಗೆ ಹಲ್ಲು ಬಿದ್ದೈತೇನು ಕೇಳ್ರಿ.”

ಕೇಳಿದೆ. ಎರಡು ತಿಂಗಳ ಹಿಂದೆ ಕೆಳಗಿನ ಮುಂದಿನ ಹಲ್ಲು ಬಿದ್ದಿತ್ತು. “ಆದ್ರ ಮನ್ಯಾಗ ಇಲ್ರಿ” ಎಂದಳು ಕಸ್ತೂರೆವ್ವ. “ಮಾಳಿಗಿ ಮ್ಯಾಲ ಐತಿ.”

*

ಬಿದ್ದ ಹಾಲುಹಲ್ಲನ್ನು ಸೆಗಣಿಯ ಉಂಡೆಯಲ್ಲಿ ಅದುಮಿ ಮಾಳಿಗೆಯ ಮೇಲೆ ಎಸೆಯುವುದು ನಮ್ಮ ಕಡೆಯ ಪದ್ಧತಿ. ಹಳೆಯದನ್ನು ತೆಗೆದುಕೋ, ಹೊಸದು ಕೊಡು ಎಂದು ಎಸೆಯುತ್ತಾರೆ. ನಾನೂ ಎಸೆದವಳೇ. ಅವತ್ತು ಕೆಂಪುಮಡ್ಡಿಗೆ ಹೋಗುವ ದಾರಿಯಲ್ಲಿ ದಾವಲಸಾಬ ಜೀಪು ಓಡಿಸುತ್ತ, ಎಷ್ಟೂರಿನ ಎಷ್ಟು ಮಾಳಿಗೆಯ ಮೇಲೆ ಎಷ್ಟು ವರ್ಷದ ದಿನಚರಿಗಳು ಒಣಗುತ್ತ ಬಿದ್ದಿವೆಯೋ ಎಂದು ಹೇಳಿದ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಕಸ್ತೂರೆವ್ವ ನಾನಂದುಕೊಂಡದ್ದಕ್ಕಿಂತ ಚಿಕ್ಕವಳು, ಇಪ್ಪತ್ತೇಳಿರಬಹುದು. ಕೊರಳಲ್ಲಿ ಬೀಗದ ಕೈ ನಿಜವಾಗಿಯೂ ಇತ್ತು. ಪಡಸಾಲೆಯಲ್ಲಿ ಅವಳ ಅತ್ತೆ ಫಕೀರವ್ವ ಕೂತಿದ್ದಳು. ಅರವತ್ತು ದಾಟಿದ ಹೆಂಗಸು, ಸೊಂಟದಿಂದ ಮುಂದಕ್ಕೆ ಬಾಗಿದ ಮೈ. ಕುತ್ತಿಗೆ ಹೊರಳದ ಕಾರಣ ಯಾರನ್ನಾದರೂ ನೋಡಬೇಕೆಂದರೆ ಇಡೀ ಮೈ ತಿರುಗಿಸುತ್ತಿದ್ದಳು. ಹುಟ್ಟಿದಾಗಿನಿಂದ ಬೋರಿನ ನೀರು ಕುಡಿದು ಬೆಳೆದವರ ಮೈ ಅದು, ನೋಡಿದ ಕೂಡಲೇ ನನಗೆ ಗೊತ್ತಾಗುತ್ತದೆ. ಆದರೂ ಅವಳು ಇಪ್ಪತ್ತು ವರ್ಷದಿಂದ ಊರ ಅಂಗನವಾಡಿಯಲ್ಲಿ ಸಹಾಯಕಿ. ಬೆಳಿಗ್ಗೆ ಹೋಗಿ ಮಕ್ಕಳಿಗೆ ಅನ್ನ ಸಾರು ಬೇಯಿಸಿ ಬಡಿಸುವವಳು.

“ಬರ್ರಿ ಬಾಯಾರ, ಕುಂದರ್ರಿ” ಎಂದಳು. “ಊಟದ ಹೊತ್ತಿಗೆ ಬಂದೀರಿ. ಖರೇ, ಇವತ್ತ ಐತಾರ, ಅಂಗನವಾಡಿ ಇಲ್ಲ, ನಮ್ಮ ಸೊಸಿ ಅಡಗಿ. ಇಕಿ ಬ್ಯಾಳಿ ತಗೊಂಡು ಗ್ವಾಡಿಗೆ ಒಗದ್ರ ಹೊಳ್ಳಿ ನಿಮ್ಮ ಕೈಗೇ ಬರತಾವು.”

ಸೊಸೆಯ ಬೇಳೆ ಬೇಯುವುದೇ ಇಲ್ಲ ಎಂಬುದು ಮಾತಿನ ಅರ್ಥ. ಈ ತಮಾಷೆ ಆ ಮನೆಯಲ್ಲಿ ನೂರು ಸಲ ನಡೆದಿರಬೇಕು. ಆದರೆ ಅತ್ತೆಯ ಮುಂದಿನ ಮಾತು ತಮಾಷೆಯದಾಗಿರಲಿಲ್ಲ. “ಕೂಸಿನ ಮ್ಯಾಲ ಲಕ್ಷ್ಯ ಇದ್ದಿದ್ರ ಹಿಂಗ್ಯಾಕ ಆಗತಿತ್ರಿ? ನಾ ಮುಂಜಾನೆ ಅಂಗನವಾಡಿಗೆ ಹ್ವಾದ್ರ ಮಧ್ಯಾಹ್ನ ಬರಾಕಿ. ಮನ್ಯಾಗ ಇರಾಕಿ ಇಕಿ.” ಕಸ್ತೂರೆವ್ವ ತಲೆ ತಗ್ಗಿಸಿ ನಿಂತಿದ್ದಳು. ನಾನೂ ಫೋನಿನಲ್ಲಿ ಇದನ್ನೇ ಹೇಳಿದವಳಲ್ಲವೇ, ನಾನೂ ತಲೆ ತಗ್ಗಿಸಿದೆ.

ಚೈತ್ರಾ ಬಾಗಿಲಿಗೆ ಒರಗಿ ನಿಂತು ಅಂಗಳದಲ್ಲಿ ಮಕ್ಕಳು ಕುಂಟಾಬಿಲ್ಲೆ ಆಡುವುದನ್ನು ನೋಡುತ್ತಿದ್ದಳು. ತಾನು ಆಡಲು ಹೋಗಲಿಲ್ಲ. ಒಂದೇ ಕಾಲಲ್ಲಿ ನಿಲ್ಲಲು ಅವಳಿಗೆ ಆಗುತ್ತಿರಲಿಲ್ಲ. ಹಲ್ಲು ಎಲ್ಲಿ ಎಸೆದೆ ಎಂದು ಕೇಳಿದಾಗ ಮಾತ್ರ ಮುಖ ಅರಳಿತು. ನಿಚ್ಚಣಿಕೆಯ ಹತ್ತಿರ ಓಡಲು ನೋಡಿ, ಎರಡು ಮೆಟ್ಟಿಲು ಹತ್ತಿ, ಮೊಣಕಾಲಿಗೆ ಮೊಣಕಾಲು ತಾಗಿ ಅಲ್ಲೇ ನಿಂತುಬಿಟ್ಟಳು. ತಾಯಿ ಅವಳನ್ನು ಎತ್ತಿ ಇಳಿಸಿ ತಾನೇ ಹತ್ತಿದಳು.

ಫಕೀರವ್ವ ತಡೆದಳು. “ಒಗದ ಹಲ್ಲು ಇಳಿಸಬಾರದ್ರಿ. ಹೊಸಾ ಹಲ್ಲು ಬರಂಗಿಲ್ಲ.”

“ನಾವು ಅದನ್ನ ಕೊಯ್ಯಂಗಿಲ್ಲ, ಪುಡಿ ಮಾಡಂಗಿಲ್ಲ” ಎಂದೆ. “ಬೆಳಕು ಬಿಟ್ಟು ನೋಡ್ತೀವಿ, ಅಷ್ಟ. ನೋಡಿದ ಮ್ಯಾಲ ನಾನ ತಂದು, ನಾನ ಸೆಗಣ್ಯಾಗ ಇಟ್ಟು, ನಾನ ಮಾಳಿಗಿ ಮ್ಯಾಲ ಒಗಿತೀನಿ.”

ಅವಳು ಇಡೀ ಮೈ ತಿರುಗಿಸಿ ನನ್ನನ್ನು ಅಳೆದಳು. “ನಿಮ್ಮ ಕೈಲೇ?”

“ನನ್ನ ಕೈಲೇ.”

ಮಾಳಿಗೆಯ ಮೇಲೆ ಒಣಗಿದ ಸೆಗಣಿಯುಂಡೆ ಮೂರು ಸಿಕ್ಕವು. ಎರಡು ಚೈತ್ರಾಳ ಅಪ್ಪ ಮತ್ತು ಸೋದರತ್ತೆಯ ಕಾಲದವು, ಕಲ್ಲಾಗಿದ್ದವು. ಮೂರನೆಯದನ್ನು ಬಿಡಿಸಿದಾಗ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹಲ್ಲು ಹೊರಬಂತು. ದಾವಲಸಾಬ ಅದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಅಂಗಿಯ ಕಿಸೆಗೆ ಹಾಕಿಕೊಂಡ.

*

ಹಲ್ಲೋದು ಒಂದು ಹಲ್ಲು ಓದಲು ಒಂಬತ್ತು ತಾಸು ತೆಗೆದುಕೊಳ್ಳುತ್ತದೆ. ಕೂದಲಿಗಿಂತ ನೂರು ಪಾಲು ಸಪೂರವಾದ ಕ್ಷಕಿರಣದ ಎಳೆಯನ್ನು ಪದರದಿಂದ ಪದರಕ್ಕೆ ಜರುಗಿಸುತ್ತ, ಪ್ರತಿ ಪದರದಲ್ಲಿ ಸಿಕ್ಕ ಫ್ಲೋರೈಡನ್ನು ಪರದೆಯ ಮೇಲೆ ಒಂದು ಚುಕ್ಕೆಯಾಗಿ ಇಡುತ್ತದೆ. ಮಂಗಳವಾರ ಸಂಜೆ ಐದಕ್ಕೆ ಚುಕ್ಕೆಗಳೆಲ್ಲ ಸೇರಿ ಗೆರೆಯಾಯಿತು. ಮಗುವಿಗೆ ಮೂರು ತುಂಬುವವರೆಗೆ ಗೆರೆ ಚಪ್ಪಟೆಯಾಗಿತ್ತು. ಅಲ್ಲಿಂದ ಏರಿತು. ಏರಿದ್ದು ಏರಿಯೇ ಉಳಿಯಲಿಲ್ಲ, ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಆಡುತ್ತಿತ್ತು.

“ಯಂತ್ರ ಹದಗೆಟ್ಟೈತಿ” ಎಂದೆ. ನನ್ನ ಊಹೆಗೆ ಒಗ್ಗದ್ದು ಕಂಡಾಗ ನಾನು ಮೊದಲು ಹೇಳುವುದು ಇದನ್ನೇ. ಮತ್ತೆ ಓದಿಸಿದೆವು. ಬುಧವಾರವೂ ಅದೇ ಗರಗಸ, ಗುರುವಾರವೂ ಅದೇ.

ದಾವಲಸಾಬ ಪರದೆಯ ಮೇಲೆ ಬೆರಳಿಟ್ಟು ಎಣಿಸಿದ. ಆರು ಚುಕ್ಕೆ ಮೇಲೆ, ಒಂದು ಕೆಳಗೆ. ಆರು ಮೇಲೆ, ಒಂದು ಕೆಳಗೆ. ಗೋಡೆಯ ಕ್ಯಾಲೆಂಡರ್ ಕಡೆ ನೋಡಿದ, ಮತ್ತೆ ಪರದೆ ನೋಡಿದ.

“ಮೇಡಮ್, ಈ ನೀರಿಗೆ ಐತಾರಕ್ಕೊಮ್ಮೆ ಸೂಟಿ ಐತ್ರಿ.”

ಭಾನುವಾರ ರಜೆ ಇರುವುದು ಅಂಗನವಾಡಿಗೆ, ಮಗು ಅಲ್ಲಿ ಸೇರಿದ್ದೂ ಮೂರು ತುಂಬಿದ ಮೇಲೆಯೇ. ಹಿಂದಕ್ಕೆ ಸರಿಸುತ್ತಾ ಹೋದೆವು. ಪ್ರತಿ ಮೇ ತಿಂಗಳಲ್ಲಿ ಹದಿನೈದು ದಿನ ಗೆರೆ ನೆಲಕ್ಕೆ ಮಲಗಿತ್ತು. ಅಂಗನವಾಡಿಗೆ ಬೇಸಿಗೆ ರಜೆ ಹದಿನೈದು ದಿನ. ದೀಪಾವಳಿಯಲ್ಲಿ ಮೂರು ದಿನ ಕೆಳಗೆ. ಮಗು ಇಡೀ ಹೊತ್ತು ತಾಯಿಯ ಕೈಯಲ್ಲಿದ್ದ ದಿನಗಳಲ್ಲೆಲ್ಲ ಅವಳ ರಕ್ತ ತಿಳಿಯಾಗಿತ್ತು. ತಾಯಿಯ ಕಣ್ಣು ತಪ್ಪಿಸಿ ಕುಡಿದದ್ದಾದರೆ ಭಾನುವಾರ ಹೆಚ್ಚಬೇಕಿತ್ತು, ಕಡಿಮೆಯಾಗುತ್ತಿರಲಿಲ್ಲ. ಕಸ್ತೂರೆವ್ವನ ತಪ್ಪು ಒಂದು ದಿನದ್ದೂ ಇರಲಿಲ್ಲ. ಅದನ್ನು ಅವಳ ಮಗಳ ಹಲ್ಲೇ ಸಾವಿರ ದಿನ ಬರೆದಿಟ್ಟಿತ್ತು. ನಾನು ಮಾತ್ರ ತಿಂಗಳುಗಟ್ಟಲೆ ಅವಳಿಗೆ ಉಪದೇಶ ಮಾಡಿದ್ದೆ.

ಇನ್ನೊಂದು ಜಾಗ ಉಳಿದಿತ್ತು. ಹೋದ ವರ್ಷದ ಸೆಪ್ಟೆಂಬರಿನಲ್ಲಿ ಗೆರೆ ಹನ್ನೊಂದು ದಿನ ಸತತ ಕೆಳಗಿತ್ತು. ಆಗ ಅಂಗನವಾಡಿಗೆ ರಜೆ ಇರಲಿಲ್ಲ. ಈ ಸಲ ಸೋಮವಾರಕ್ಕೆ ಕಾಯದೆ ನಾನೇ ಫೋನ್ ಮಾಡಿದೆ.

“ಕಸ್ತೂರಿ, ಮೊದಲ ಒಂದು ಮಾತು. ನಾ ನಿನಗ ಅಂದದ್ದು ತಪ್ಪು. ನಿನ್ನ ಕಡಿಂದ ಏನೂ ಆಗಿಲ್ಲ.”

ಅವಳು ಅತ್ತಳು. ಸದ್ದಿಲ್ಲದೆ ಅಳುವವರು ಫೋನಿನಲ್ಲಿ ಉಸಿರಿನಿಂದ ಗೊತ್ತಾಗುತ್ತಾರೆ. ನಾನು ಕಾದು ಆಮೇಲೆ ಆ ಹನ್ನೊಂದು ದಿನದ ಬಗ್ಗೆ ಕೇಳಿದೆ.

“ಸಪ್ಟೆಂಬರ…” ಎಂದು ಯೋಚಿಸಿದಳು. “ಚೈತ್ರಾ ದಿನಾ ಅಂಗನವಾಡಿಗೆ ಹೋಗಿದ್ಲ್ರಿ. ನಮ್ಮ ಅತ್ತಿಯವರಿಗೆ ಆಗ ಚಿಕೂನ್‌ಗುನ್ಯಾ ಬಂದು ಹಾಸಿಗಿ ಹಿಡದಿದ್ರು. ಬಾಜೂ ಊರಾಕಿ ಬಂದು ಅಡಗಿ ಮಾಡತಿದ್ಲು. ಮಕ್ಕಳು ಉಣವಲ್ಲವು ಅಂತ ಊರಾಗೆಲ್ಲಾ ಗಲಾಟೆ ಆಗಿತ್ರಿ. ಬ್ಯಾಳಿ ಬೆಂದಿರತಿದ್ದಿಲ್ಲಂತ.”

 ಆ ಬೇಯದ ಬೇಳೆಯ ಅರ್ಥ ಅವಳಿಗೆ ನನಗಿಂತ ಮೊದಲು ಹೊಳೆದಿತ್ತು. ಅವಳು ದಿನಾ ಘಟಕದ ನೀರಿನಲ್ಲಿ ಬೇಳೆ ಬೇಯಿಸಿ ಬೈಸಿಕೊಳ್ಳುವವಳು.

“ಮೇಡಮ್ಮಾರ, ಅತ್ತಿಯವರಿಗೆ ನೀವ ಹೇಳ್ರಿ. ನಾ ಹೇಳಿದ್ರ ಅದು ಸೊಸಿ ಮಾತಾಗತೈತಿ.”

*

ಸೋಮವಾರ ನಾನು ಹೋದಾಗ ಅಂಗನವಾಡಿಯ ಅಡುಗೆ ಕೋಣೆಯಲ್ಲಿ ಎರಡು ಕೊಡ ಇದ್ದವು. ಒಂದು ಸ್ಟೀಲಿನದು, ಮುಚ್ಚಳ ಹಾಕಿದ್ದು, ಘಟಕದ ನೀರು. ಅದರ ಮೇಲೆ ಲೋಟ. ಮಕ್ಕಳು ಕುಡಿಯುವುದು ಅದನ್ನೇ. ನಮ್ಮ ಫಾರಂನಲ್ಲಿ ‘ಮಕ್ಕಳು ಕುಡಿಯುವ ನೀರು ಯಾವುದು’ ಎಂಬ ಪ್ರಶ್ನೆಯಿತ್ತು, ಫಕೀರವ್ವ ಎಂಟು ವರ್ಷದಿಂದ ಅದಕ್ಕೆ ಸರಿಯುತ್ತರವನ್ನೇ ಬರೆಸುತ್ತಿದ್ದಳು. ಇನ್ನೊಂದು ಕೊಡ ಒಲೆಯ ಪಕ್ಕದಲ್ಲಿತ್ತು. ಅದರ ಬಗ್ಗೆ ನಮ್ಮ ಫಾರಂ ಏನೂ ಕೇಳಿರಲಿಲ್ಲ.

“ಬ್ಯಾಳಿ ಯಾ ನೀರಾಗ ಬೇಯಸ್ತೀರಿ ಅಮ್ಮಾರ?” ಎಂದೆ.

“ಅಂಗನವಾಡಿ ಹಿಂದಿನ ಬೋರಿನ ನೀರಾಗ್ರಿ” ಎಂದಳು, ಯಾವ ಅಳುಕೂ ಇಲ್ಲದೆ. “ಮಷೀನಿನ ನೀರಾಗ ಬ್ಯಾಳಿ ಬೇಯಂಗಿಲ್ಲ. ಎರಡ ತಾಸು ಕುದಿಸಿದ್ರೂ ಕಾಳು ಕಾಳ. ಸಣ್ಣ ಕೂಸುಗಳಿಗೆ ಹೊಟ್ಟಿನೋವು ಬರತೈತಿ. ಬೋರಿನ ನೀರು ಹಾಕ್ರಿ, ಅರ್ಧ ತಾಸಿಗೆ ಬೆಣ್ಣಿ ಆಕ್ಕೈತಿ. ನೋಡ್ರಿ ಬೇಕಾರ.”

ಸೌಟಿನಿಂದ ಎತ್ತಿ ತೋರಿಸಿದಳು. ನಿಜವಾಗಿಯೂ ಬೆಣ್ಣೆಯಂತಿತ್ತು. ಆಮೇಲೆ, ಇದು ದಿನದ ರೂಢಿ ಎನ್ನುವಂತೆ, ಮೇಲಿನ ತಿಳಿ ಕಟ್ಟನ್ನು ಒಂದು ಲೋಟಕ್ಕೆ ಬಗ್ಗಿಸಿ, ಬೆಲ್ಲದ ಚೂರು ಹಾಕಿ ಕಲಕಿ, “ಚೈತೂ” ಎಂದು ಕರೆದಳು. ಚೈತ್ರಾ ಬಂದು “ಆಯೀ, ಬೆಲ್ಲ ಇನ್ನಷ್ಟ” ಎಂದು ಕೈ ಚಾಚಿದಳು. ಮೊಮ್ಮಗಳಿಗೆ ದಿನಾ ಒಂದು ಲೋಟ ಬೇಳೆಕಟ್ಟು. ಶಕ್ತಿ ಬರಲಿ, ಕಾಲು ಗಟ್ಟಿಯಾಗಲಿ ಎಂದು. ಕಾಲು ಸೊಟ್ಟಗಾದ ಮೇಲೆ ಲೋಟ ಎರಡಾಗಿತ್ತು. ಬೇರೆ ಮಕ್ಕಳಿಗೆ ಸ್ವಲ್ಪ, ಇವಳಿಗೆ ಮಾತ್ರ ಅಷ್ಟೊಂದು ಯಾಕೆ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ಆ ಲೋಟವನ್ನು ನಾನು ಮಗುವಿನ ಕೈಯಿಂದ ಮೆಲ್ಲಗೆ ತೆಗೆದುಕೊಂಡೆ.

ಪರೀಕ್ಷೆಯ ಔಷಧಿ ನನ್ನ ಚೀಲದಲ್ಲಿತ್ತು. ನೀರಿಗೆ ಹಾಕಿದರೆ ಗುಲಾಬಿ ಬಣ್ಣ, ಫ್ಲೋರೈಡ್ ಇದ್ದರೆ ಹಳದಿಗೆ ತಿರುಗುತ್ತದೆ. ಮೂರು ಗಾಜಿನ ನಳಿಗೆ ಇಟ್ಟೆ. ಘಟಕದ ನೀರು ಗುಲಾಬಿಯಾಗಿಯೇ ನಿಂತಿತು. ಬೋರಿನ ನೀರು ಹಳದಿಯಾಯಿತು. ಬೋರಿನ ನೀರನ್ನೇ ಅರ್ಧ ತಾಸು ಕುದಿಸಿ ಹಾಕಿದ್ದು ಅರಿಸಿನದಷ್ಟು ಹಳದಿಯಾಯಿತು.

ಫಕೀರವ್ವ ಮೂರನ್ನೂ ನೋಡಿದಳು. “ಕುದಿಸಿದ್ರ ಎಲ್ಲಾ ಹೋಗತೈತಿ ಅಂತ ನೀವ ಅಲ್ರಿ ಹೇಳಿದ್ದು? ಅಲ್ಲಿ ಬರದಾರಲ್ರಿ” ಎಂದು ಗೋಡೆ ತೋರಿಸಿದಳು. ನೀರನ್ನು ಕುದಿಸಿ ಕುಡಿಯಿರಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು, ಕೆಳಗೆ ನಗುವ ಮಗುವಿನ ಚಿತ್ರ.

“ಕುದಿಸಿದ್ರ ಹುಳ ಸಾಯ್ತಾವು ಅಮ್ಮಾರ. ಇದು ಹುಳ ಅಲ್ಲ, ಉಪ್ಪಿದ್ದಂಗ. ನೀರು ಆವಿಯಾಗಿ ಹೋಗತೈತಿ, ಉಪ್ಪು ತಳದಾಗ ಉಳೀತೈತಿ.”

ಅವಳು ನಿಧಾನವಾಗಿ ಗೋಡೆ ಹಿಡಿದು ನೆಲಕ್ಕೆ ಕೂತಳು. ಅಳಲಿಲ್ಲ. “ನನ್ನ ಬೆನ್ನ ಮುರದದ್ದು ಆ ನೀರು” ಎಂದಳು. “ಯಾ ಕೂಸಿಗೂ ಕುಡಿಯಾಕ ಒಂದ ಹನಿ ಕೊಟ್ಟಿಲ್ಲ ನಾ. ಒಂದ ಹನಿ. ಮತ್ತ ನಾನ ಉಣ್ಣಿಸಿದ್ನಲ್ಲ ಬಾಯಾರ. ನನ್ನ ಕೈಲೇ.”

 ಅವಳ ಎದುರಿಗೆ ನಾನೂ ನೆಲಕ್ಕೆ ಕೂತು ಹೇಳಬೇಕಾದದ್ದನ್ನು ಹೇಳಿದೆ. “ತಪ್ಪು ನಂದು. ಬ್ಯಾಳಿ ಬೇಯದಂಗ ಮಾಡಿದಾಕಿ ನಾನು. ಎಲಬಿಗೆ ಒಳ್ಳೇದಂತ ಆ ನೀರಿಗೆ ಕ್ಯಾಲ್ಸಿಯಂ ಹಾಕಿಸಿದೆ. ಅದು ಇದ್ರ ಬ್ಯಾಳಿ ಸಿಪ್ಪಿ ಬಿಗಿ ಹಿಡಿತೈತಿ, ಬೇಯಂಗಿಲ್ಲ. ಈ ಫ್ಲೋರೈಡ್ ನೀರಾಗ ಕ್ಯಾಲ್ಸಿಯಂ ಇಲ್ಲ, ಸೋಡಾದ ಗುಣ ಐತಿ, ಅದಕ್ಕ ಬೆಣ್ಣಿಯಂಗ ಬೇಯ್ತಾವು. ಇದೆಲ್ಲಾ ನಾ ಪುಸ್ತಕದಾಗ ಓದೀನಿ. ಆದ್ರ ಒಂದ ದಿನಾನೂ ಆ ನೀರಾಗ ಒಂದು ಹಿಡಿ ಬ್ಯಾಳಿ ಬೇಯಿಸಿ ನೋಡಲಿಲ್ಲ.”

ಎಂಟು ವರ್ಷ, ನೂರ ನಲವತ್ತು ಊರು. ನೀರು ಎಂದರೆ ಲೋಟದಲ್ಲಿ ಕುಡಿಯುವುದು ಎಂದೇ ತಿಳಿದು ನಾವು ಗೋಡೆಗೆ ದೀಪ ಹಚ್ಚಿ ಕೂತಿದ್ದೆವು. ಸಾರಿನ ಪಾತ್ರೆಗೆ ದೀಪ ಇರಲಿಲ್ಲ.

ಕಸ್ತೂರೆವ್ವ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಅತ್ತೆ ಅವಳ ಮುಖ ನೋಡಲು ಮೈ ತಿರುಗಿಸಲಿಲ್ಲ. ಇಷ್ಟು ದಿನ ತಾನು ಅಂದ ಮಾತುಗಳೆಲ್ಲ ಅವಳ ನೆನಪಿಗೆ ಬರುತ್ತಿದ್ದವೆಂದು ತೋರುತ್ತದೆ. ಸೊಸೆ ಒಳಗೆ ಬಂದು ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ, ಹಿತ್ತಲಿಗೆ ಒಯ್ದು ಚೆಲ್ಲಿ, ತೊಳೆದು ತಂದಳು. ಸ್ಟೀಲಿನ ಕೊಡದಿಂದ ನೀರು ಸುರಿದು ಬೇಳೆ ಹಾಕಿದಳು.

“ಅತ್ತಿ, ಏಳ್ರಿ. ಮಕ್ಕಳು ಹಸದಾವು” ಎಂದಳು. “ಇವತ್ತೊಂದಿನ ನನ್ನ ಗುಂಡಿನಂಥ ಬ್ಯಾಳಿನ ಉಣ್ಣಲಿ.”

ಫಕೀರವ್ವ ಸೊಸೆಯ ಕೈ ಹಿಡಿದು ಎದ್ದಳು. ಎದ್ದ ಮೇಲೂ ಬಹಳ ಹೊತ್ತು ಆ ಕೈ ಬಿಡಲಿಲ್ಲ.

*

ಮುಂದಿನದು ಯಂತ್ರದ ಕೆಲಸ, ಅದು ಯಾವಾಗಲೂ ಸುಲಭ. ಘಟಕದಲ್ಲಿ ಫ್ಲೋರೈಡ್ ತೆಗೆದಾದ ಮೇಲೆ, ಕ್ಯಾಲ್ಸಿಯಂ ಬೆರೆಸುವ ಮೊದಲು, ಪೈಪಿಗೆ ಒಂದು ಕವಲು ಕೊಟ್ಟು ಎರಡನೆಯ ನಳ ಕೂರಿಸಿದೆವು. ಕುಡಿಯಲು ಒಂದು, ಬೇಯಿಸಲು ಒಂದು. ಪೈಪು ಹಾಕಲು ಒಂದು ದಿನ ಹಿಡಿಯಿತು, ಅದಕ್ಕೆ ಒಪ್ಪಿಗೆ ಪಡೆಯಲು ಇಪ್ಪತ್ತೊಂದು ದಿನ. ಫೈಲಿನಲ್ಲಿ ಅದರ ಹೆಸರು ‘ಪೂರಕ ಅಡುಗೆ ಜಲ ನಿರ್ಗಮ’. ಊರಲ್ಲಿ ಮೊದಲ ದಿನದಿಂದಲೇ ಅದು ‘ಬ್ಯಾಳಿ ನಳ’. ಅದರ ನೀರಿನಲ್ಲಿ ಮೊದಲ ಪಾತ್ರೆ ಬೇಯಿಸಿದವಳು ಫಕೀರವ್ವ. ಸೌಟಿನಿಂದ ಎತ್ತಿ ನೋಡಿ, “ಹೂಂ, ನಡೀತೈತಿ” ಎಂದಳು. ನನಗೆ ಸಿಕ್ಕ ಚಪ್ಪಾಳೆಗಳೆಲ್ಲ ಸೇರಿದರೂ ಅದಕ್ಕೆ ಸಮನಾಗಲಿಲ್ಲ.

ಉಳಿದ ಊರುಗಳ ಅಡುಗೆ ಕೋಣೆಗಳಿಗೂ ಜನ ಕಳಿಸಿದೆ. ಅರವತ್ತೊಂದು ಅಂಗನವಾಡಿಗಳಲ್ಲಿ ಒಲೆಯ ಪಕ್ಕ ಎರಡನೆಯ ಕೊಡ ಇತ್ತು. ಅಲ್ಲಿ ಯಾವ ಮಗುವಿನ ಕಾಲೂ ಇನ್ನೂ ಬಾಗಿರಲಿಲ್ಲ. ಬಾಗುವ ಮೊದಲೇ ಹೋಗಿ ಮುಟ್ಟಿದೆವಲ್ಲ ಎಂದು ಅವತ್ತು ದಾವಲಸಾಬ ಮತ್ತು ನಾನು ಖಾನಾವಳಿಗೆ ಹೋಗಿ ಹೊಟ್ಟೆ ತುಂಬ ಉಂಡೆವು.

ಕೊಟ್ಟ ಮಾತಿನಂತೆ ಹಲ್ಲನ್ನೂ ಹಿಂದಿರುಗಿಸಿದೆ. ಸೆಗಣಿ ಕಲಸಿ, ಉಂಡೆ ಕಟ್ಟಿ, ಹಲ್ಲು ಅದುಮಿ, ಅಂಗಳದಲ್ಲಿ ನಿಂತು ಎಸೆದೆ. ಮೊದಲನೆಯ ಸಲ ಗೋಡೆಗೆ ಹೊಡೆದು ಕೆಳಗೆ ಬಿತ್ತು. ಅಂಗನವಾಡಿಯ ಮಕ್ಕಳೆಲ್ಲ ನಕ್ಕರು. ಎರಡನೆಯ ಸಲ ಮಾಳಿಗೆ ಮುಟ್ಟಿತು. ಫಕೀರವ್ವ ನನ್ನ ಕೈಗೆ ನೀರು ಹಾಕಿದಳು.

*

ಒಂದು ವರ್ಷ ಕಳೆದು ಒಂದು ಸೋಮವಾರ ಹನ್ನೊಂದಕ್ಕೆ ಫೋನ್ ಬಂತು. “ಮೇಡಮ್ಮಾರ, ಚೈತ್ರಾಂದು ಇನ್ನೊಂದು ಹಲ್ಲು ಬಿದ್ದೈತ್ರಿ. ಅತ್ತಿ ಒಗಿಯಾಕ ಬಿಟ್ಟಿಲ್ಲ. ಮೊದಲ ಬಾಯಾರು ಓದಲಿ, ಆಮ್ಯಾಲ ಒಗಿಯೂಣು ಅಂತಾರ.”

ಹಲ್ಲು ಬಸ್ಸಿನಲ್ಲಿ ಬಂತು, ಒಂಬತ್ತು ತಾಸು ಓದಿಸಿಕೊಂಡಿತು. ಗರಗಸ ಅದರಲ್ಲೂ ಇತ್ತು, ಆದರೆ ಒಂದು ಸೋಮವಾರದ ಹತ್ತಿರ ಅದು ತಟಕ್ಕನೆ ನಿಂತಿತ್ತು. ಅಂಗನವಾಡಿಯ ನೆಲದ ಮೇಲೆ ನಾನು ಕೂತಿದ್ದ ಸೋಮವಾರ. ಅಲ್ಲಿಂದ ಮುಂದೆ ಗೆರೆ ನೆಟ್ಟಗೆ ಸಾಗಿತ್ತು. ದಾವಲಸಾಬ ಅದನ್ನು ಅಚ್ಚು ಹಾಕಿಸಿ ಗೋಡೆಯ ದೀಪಗಳ ಪಕ್ಕ ಅಂಟಿಸಿದ. ನಾ ಬೇಡವೆನ್ನಲಿಲ್ಲ.

ಹಲ್ಲು ಕೊಡಲು ನಾನೇ ಹೋದೆ. ಅಂಗಳದಲ್ಲಿ ಕುಂಟಾಬಿಲ್ಲೆಯ ಮನೆಗಳನ್ನು ಬರೆದಿತ್ತು. ಚೈತ್ರಾ ಈಗ ಒಂದನೆಯ ತರಗತಿ. ಎಲುಬಿನ ಡಾಕ್ಟರು ಅವಳ ಕಾಲಿನ ಹೊಸ ಚಿತ್ರ ನೋಡಿ, ಇನ್ನು ನನ್ನ ಹತ್ತಿರ ಬರಬೇಡಿ ಎಂದು ಕಳಿಸಿದ್ದರು. ಫಕೀರವ್ವನ ಬೆನ್ನು ಮೊದಲಿನಂತೆಯೇ ಇತ್ತು, ಅದು ನೆಟ್ಟಗಾಗುವ ವಯಸ್ಸು ಮುಗಿದುಹೋಗಿದೆ. ನನ್ನೆದುರಿಗೆ ತಟ್ಟೆಯಿಟ್ಟು ಅನ್ನ ಬಡಿಸಿ ಸಾರು ಹಾಕಿದಳು.

“ಸೊಸಿ ಮಾಡಿದ್ದು” ಎಂದಳು. “ಬೆಂದೈತಿ ನೋಡ್ರಿ.”

ಗೆರೆ ಹೇಗಿದೆ ಎಂದು ಅವಳು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ ಎಂದು ಕಾಣುತ್ತದೆ, ನಾನು ಬೇಡವೆಂದರೂ ಮತ್ತೊಂದು ಸೌಟು ಸಾರು ಸುರಿದಳು. ನಾನೇ ಹೇಳಿದೆ: “ಒಂದ ಕಲೆ ಇಲ್ಲ ಅಮ್ಮಾರ. ಅವತ್ತಿನಿಂದ ಒಂದ ದಿನದ್ದೂ ಇಲ್ಲ.” ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಒಂದು ವರ್ಷ ತಡೆದಿಟ್ಟದ್ದನ್ನು ಅವತ್ತು ಅತ್ತಳು. ಸೊಸೆ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

ಚೈತ್ರಾ ಸೆಗಣಿಯುಂಡೆ ಕಟ್ಟಿಕೊಂಡು ಬಂದು ಹಲ್ಲಿಗಾಗಿ ಕೈ ಚಾಚಿದಳು. ಕೊಟ್ಟೆ. “ಇಲ್ಲಿಂದ ಒಗಿಬ್ಯಾಡ” ಎಂದಳು ಕಸ್ತೂರೆವ್ವ, “ಗ್ವಾಡಿಗೆ ತಾಗಿ ಬೀಳತೈತಿ, ಬಾಯಾರದು ಬಿದ್ದಂಗ.”

“ಮ್ಯಾಲ ಹೋಗಿ ಇಡತೀನಿ” ಎಂದು ಹುಡುಗಿ ನಿಚ್ಚಣಿಕೆ ಹತ್ತಿದಳು. ಎರಡು ಮೆಟ್ಟಿಲು, ಮೂರು, ಆರು. ತಾಯಿ ಹಿಡಿಯಲು ಎದ್ದವಳು ಅರ್ಧಕ್ಕೆ ನಿಂತಳು. ಫಕೀರವ್ವ ಸೆರಗು ಸರಿಸಿ, ನೆಲಕ್ಕೆ ಕೈಯೂರಿ, ಇಡೀ ಮೈ ತಿರುಗಿಸಿ ಮೇಲೆ ನೋಡಿದಳು. ಅಷ್ಟರಲ್ಲಿ ಮಾಳಿಗೆಯ ಮೇಲೆ ಓಡುವ ಹೆಜ್ಜೆಗಳ ಸದ್ದು ನಮ್ಮ ತಲೆಯ ಮೇಲೆ ಕೇಳಿಸಿತು.